ಹಳದಿ ಕಟ್ಟಿನ ಲಡಿಗಳು

ಮಾರ್ಚ್ ೫, ಬುಧವಾರ

ಪ್ರೀತಿಯ ತಂಗಿಗೆ,

ಅಕ್ಕನ ನೆನಪುಗಳು. ನಿನ್ನ ಎರಡು ಕಾಗದಗಳೂ ತಲುಪಿ ಬಹಳ ದಿನವಾಯಿತು. ಮೊದಲನೆಯದರಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ ಸುದ್ದಿ, ಎರಡನೆಯದರಲ್ಲಿ "ಮುರಿದದ್ದು ನನ್ನ ಕಾಲು, ನಿನ್ನ ಕೈಗೇನಾಗಿದೆ?" ಎಂಬ ಬೈಗುಳ. ಬೈದದ್ದು ಸರಿಯಾಗಿದೆ. ಇನ್ನೂ ನಾಲ್ಕು ಸೇರಿಸಿ ಬೈದಿದ್ದರೂ ತಲೆ ಬಗ್ಗಿಸುತ್ತಿದ್ದೆ. ಪಟ್ಟಿ ಯಾವಾಗ ಬಿಚ್ಚುತ್ತಾರೆ? ತುರಿಕೆ ಬಂತೆಂದು ಕಡ್ಡಿ ಹಾಕಿ ಕೆರೆದುಕೊಳ್ಳಬೇಡ, ನೀನು ಮಾಡುವವಳೇ. ಮಕ್ಕಳು ನೀರು ತಂದುಕೊಡುತ್ತಾರೆ ಎಂದು ಬರೆದಿದ್ದೀಯ. ಆ ಸುಖ ಪಟ್ಟಿ ಇರುವ ತನಕ ಮಾತ್ರ, ಅನುಭವಿಸು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿ ಫೋನಿನಲ್ಲಿ ಮಾತಾಡುವುದೂ ಬಾಗಿಲಲ್ಲಿ ನಿಂತು ಕೂಗುವುದೂ ಒಂದೇ. ಮುಂದಿನ ಎರಡು ಕೋಣೆಯಲ್ಲಿ ನಾಲ್ಕು ಮಗ್ಗ, ಅದರ ಹಿಂದೆ ಅತ್ತೆಯ ಕೋಣೆ, ಅದರಾಚೆ ಅಡುಗೆಮನೆ. ಎಲ್ಲಿ ನಿಂತರೂ ಯಾರದೋ ಕಿವಿಗೆ ಬೀಳುತ್ತದೆ. ಕಾಗದವಾದರೆ ನನ್ನ ನಿನ್ನ ನಡುವೆ ಉಳಿಯುತ್ತದೆ.

ಈಗ ನನ್ನ ಗೋಳು ಕೇಳು. ತಲೆ ಚಿಟ್ಟು ಹಿಡಿದುಹೋಗಿದೆ.

ಪೇಟೆಯ ದೊಡ್ಡ ಅಂಗಡಿಯವಳು ಮೂವತ್ತೆರಡು ಹೊದಿಕೆ ಬೇಕೆಂದು ಹೇಳಿಕಳಿಸಿದ್ದು ನಿನಗೆ ಗೊತ್ತು. ಹಾಸೂ ಕೈನೂಲು, ಹೊಕ್ಕೂ ಕೈನೂಲು, ಮೈಯೆಲ್ಲ ಬಣ್ಣ ಹಾಕದ ಬಿಳಿ, ಅಂಚಿಗೆ ಮಾತ್ರ ಎರಡು ಬೆರಳು ನೀಲಿ. ಇಪ್ಪತ್ತಮೂರು ವರ್ಷದಲ್ಲಿ ನಮಗೆ ಬಂದ ಅತಿ ದೊಡ್ಡ ಕೆಲಸ. ಮೊದಲ ಹನ್ನೆರಡನ್ನು ಜನವರಿಯಲ್ಲಿ ಕಳಿಸಿದೆವು. ನಿನ್ನ ಭಾವ ಒಂದೊಂದನ್ನೂ ಹಸುಗೂಸಿನಂತೆ ಸುತ್ತಿ ಕಟ್ಟಿದ್ದರು. ಹೋದ ವಾರ ಹನ್ನೆರಡೂ ಒಂದೇ ಗೋಣಿಚೀಲದಲ್ಲಿ ತುರುಕಿಸಿಕೊಂಡು ವಾಪಸು ಬಂದವು. ಹಿಂದೆಯೇ ಅವಳ ಫೋನು.

"ತೊಳೆದು ನೋಡಿ ಮೇಡಂ ನೀವೇ. ಒಂದ್ಸಲ ನೀರಿಗೆ ಹಾಕಿದ್ದಕ್ಕೆ ಮುದುಕನ ಹಣೆ ಥರ ಆಗಿದೆ. ನಾನು ಇದನ್ನ ಯಾವ ಮುಖ ಇಟ್ಕೊಂಡು ಮಾರ್ಲಿ?"

"ಕೈನೂಲು ಅಂದ್ಮೇಲೆ ಸ್ವಲ್ಪ ಏರುಪೇರು ಇರುತ್ತಮ್ಮ" ಅಂದೆ.

"ಏರುಪೇರಿಗೆ ಜನ ದುಡ್ಡು ಕೊಡ್ತಾರೆ, ಸುಕ್ಕಿಗೆ ಕೊಡಲ್ಲ" ಎಂದು ಇಟ್ಟುಬಿಟ್ಟಳು. ನನ್ನ ಮಗಳ ವಯಸ್ಸಿನವಳು! ಹೇಳಿದ್ದು ನಿಜವಾಗಿತ್ತು ಎಂಬುದೇ ಇನ್ನೂ ಉರಿ. ಬಟ್ಟೆಯನ್ನು ಹಗ್ಗದ ಮೇಲೆ ಹರವಿ ನೋಡಿದೆ. ಒಂದು ಗೇಣು ನುಣ್ಣಗೆ ಚಪ್ಪಟೆಯಾಗಿ ನಿಂತಿದೆ, ಮುಂದಿನ ಗೇಣು ಮುದುರಿ ಒಳಗೆಳೆದುಕೊಂಡಿದೆ, ಮತ್ತೆ ಚಪ್ಪಟೆ, ಮತ್ತೆ ಮುದುರು. ಅಂಚು ಹಾವು ಹರಿದ ಹಾಗೆ ಡೊಂಕು.

ಹನ್ನೆರಡರಲ್ಲಿ ಒಂಬತ್ತನ್ನು ನೇಯ್ದದ್ದು ನಿಧಾನಪ್ಪ. ಅದು ಅವನ ಹೆಸರಲ್ಲ, ನಾವಿಟ್ಟದ್ದು. ಅವನು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಬೇರೆಯವರು ಒಂದು ಮೊಳ ನೇಯುತ್ತಾರೆ. ಆದರೆ ಎಳೆಯನ್ನು ಕೂರಿಸುವ ಅವನ ಹೊಡೆತ ಒಂದೇ ತೂಕ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಈಗ ಅನಿಸಿತು, ವಯಸ್ಸಾಯಿತು, ಒಂದು ಹೊತ್ತು ಬಿಗಿಯಾಗಿ ಒಂದು ಹೊತ್ತು ಸಡಿಲವಾಗಿ ಹೊಡೆಯುತ್ತಿದ್ದಾನೆ, ಅದಕ್ಕೇ ಹೀಗೆ. ಸೋಮವಾರ ಬಟ್ಟೆ ತಂದು ಅವನ ಮಗ್ಗದ ಮೇಲೇ ಹಾಕಿದೆ.

"ಇದೇನಪ್ಪಾ ಇದು?"

ಅವನು ಬಟ್ಟೆಯ ಮೇಲೆ ಅಂಗೈ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದ. ಎಷ್ಟು ನಿಧಾನ ಎಂದರೆ ಬಟ್ಟೆಯನ್ನು ಕಿತ್ತುಕೊಳ್ಳೋಣ ಎನಿಸಿತು. ಕೊನೆಗೆ, "ಹೊಡೆತ ತಪ್ಪಿಲ್ಲ ಅಕ್ಕಾ" ಅಂದ.

"ಹಾಗಾದ್ರೆ ನೆಲ ಡೊಂಕಾ?"

"ಇಪ್ಪತ್ತೆರಡು ವರ್ಷ ಆಯ್ತು ಇಲ್ಲಿ ಕೂತು. ನನ್ನ ಕೈ ತಪ್ಪಿದ್ರೆ ನನಗೇ ಮೊದಲು ಗೊತ್ತಾಗುತ್ತೆ."

"ಹಾಗಾದ್ರೆ ಯಾರ ತಪ್ಪು, ಹೇಳು ನೋಡೋಣ?"

ಅವನು ಬಟ್ಟೆ ಮಡಚತೊಡಗಿದ. ಅತ್ತೆ ತಮ್ಮ ಕೋಣೆಯ ಹೊಸ್ತಿಲಲ್ಲಿ ರಾಟೆಯ ಮುಂದೆ ಕೂತಿದ್ದವರು, "ಅವನ ತಪ್ಪಲ್ಲ ಕಣೇ, ಬಿಡು" ಅಂದರು. "ನೂಲೋದು ನಿಮಗೆ ಗೊತ್ತು, ನೇಯೋದು ನನಗೆ ಗೊತ್ತು, ನೀವು ಸುಮ್ಮನಿರಿ" ಅಂದೆ. ಎಪ್ಪತ್ತೊಂಬತ್ತು ವರ್ಷದವರಿಗೆ ಹಾಗೆ ಹೇಳಬಾರದಿತ್ತೇನೋ. ಹೇಳಿಯಾಯಿತು. ನಿಧಾನಪ್ಪನಿಗೂ ಒಂದು ಮಾತು ಹೆಚ್ಚೇ ಹೇಳಿದೆ, ಅದನ್ನು ನಿನಗೆ ಬರೆಯುವುದಿಲ್ಲ. ಅವನು ಎದ್ದ, ತನ್ನ ಸ್ವಂತ ಲಾಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡ, ಚಪ್ಪಲಿ ಮೆಟ್ಟಿ ಹೊರಟ. ಜೀವನದಲ್ಲಿ ಮೊದಲ ಸಲ ಬೇಗ ಬೇಗ ನಡೆದ.

ಹೋದರೆ ಹೋಗಲಿ. ನೇಯುವವರಿಗೇನು ಬರಗಾಲವೇ? ಹಾಗೆ ಅಂದುಕೊಂಡೆ; ಆದರೆ ಎರಡು ದಿನದಿಂದ ಅವನು ಕೂರುತ್ತಿದ್ದ ಮೂರನೆಯ ಮಗ್ಗ ಮೂಕವಾಗಿ ಕೂತಿದೆ, ಅದರ ಕಡೆ ನೋಡಿದಾಗೆಲ್ಲ ಮೈ ಪರಚಿಕೊಳ್ಳಬೇಕೆನಿಸುತ್ತದೆ. ಜೊತೆಗೆ ನೂಲಲು ತರಿಸಿದ ಈ ಸಲದ ಹತ್ತಿಯ ಹಂಜಿಯಲ್ಲಿ ಅರ್ಧ ಹೊಟ್ಟು. ಐದು ಮನೆಯ ನೂಲುವ ಹೆಂಗಸರೂ ಒಂದೇ ರಾಗ: "ಎಳೆದರೆ ಕಿತ್ತುಬರುತ್ತೆ ಅಕ್ಕಾ." ಕಳಿಸಿದವನನ್ನು ಕೇಳಿದರೆ ಮಳೆಯನ್ನು ಬೈಯುತ್ತಾನೆ. ನಾನು ಯಾರನ್ನು ಬೈಯಲಿ?

ಕಾಲು ಜೋಪಾನ. ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ಅಕ್ಕ


ಮಾರ್ಚ್ ೧೯, ಬುಧವಾರ

ಪ್ರೀತಿಯ ತಂಗಿಗೆ,

ನೀನು ಮರುಟಪಾಲಿಗೇ ಉತ್ತರ ಬರೆದೆ, ನಾನು ಮತ್ತೆ ತಡ. ಕ್ಷಮಿಸು. "ನಿಧಾನಪ್ಪನ ಮನೆಗೆ ಹೋಗಿ ಕರ್ಕೊಂಡು ಬಾ, ಜಂಬ ಬಿಡು" ಎಂದು ಬರೆದಿದ್ದೀಯ. ಕಾಗದ ಓದಿದ ದಿನ ನಿನ್ನ ಮೇಲೂ ಸಿಟ್ಟು ಬಂದಿತ್ತು. ಈಗ ಹೇಳುತ್ತೇನೆ, ನೀನು ಹೇಳಿದ್ದೇ ಸರಿ. ನನ್ನ ಜಂಬವನ್ನು ಯಾರೋ ಚೆನ್ನಾಗಿ ಒಗೆದು, ಹಿಂಡಿ, ಒಣಹಾಕಿದ್ದಾರೆ.

ನಡೆದದ್ದು ಹೀಗೆ. ನಿಧಾನಪ್ಪ ಹೋದ ಮೇಲೆ ಅವನ ಮಗ್ಗದಲ್ಲಿ ನಾನೇ ಕೂತೆ. ಅರ್ಧಕ್ಕೆ ನಿಂತಿದ್ದ ಹದಿಮೂರನೆಯ ಹೊದಿಕೆಯನ್ನು ಮೂರು ದಿನ ಸೊಂಟ ಮುರಿದುಕೊಂಡು ಮುಗಿಸಿದೆ. ಪ್ರತಿ ಹೊಡೆತವನ್ನೂ ಲೆಕ್ಕವಿಟ್ಟು ಹೊಡೆದೆ, ಅವನಿಗೆ ತೋರಿಸಬೇಕು ಎಂಬ ಹಟ. ತೊಳೆದು ಹಗ್ಗಕ್ಕೆ ಹಾಕಿದೆ. ಒಣಗುತ್ತ ಒಣಗುತ್ತ ನನ್ನ ಕಣ್ಣೆದುರಿಗೇ ಮುದುರತೊಡಗಿತು. ಒಂದು ಗೇಣು ಚಪ್ಪಟೆ, ಒಂದು ಗೇಣು ಸುಕ್ಕು. ನಾನು ನೇಯ್ದ ಭಾಗದಲ್ಲೂ!

ನಿನ್ನ ಭಾವ ಪಕ್ಕದಲ್ಲಿ ನಿಂತು, "ಹಾಗಾದ್ರೆ ಅವನ ಕೈಯಲ್ಲಿ ದೋಷ ಇರಲಿಲ್ಲ ಅಂತಾಯ್ತು" ಎಂದರು. ಆಫೀಸಿನಿಂದ ನಿವೃತ್ತರಾದಾಗಿನಿಂದ ಇವರ ಕೆಲಸ ಮಗ್ಗಕ್ಕೆ ಎಣ್ಣೆ ಬಿಡುವುದು, ನನ್ನ ಗಾಯಕ್ಕೆ ಉಪ್ಪು ಸವರುವುದು.

ತಪ್ಪು ನೇಯ್ಗೆಯದಲ್ಲ ಎಂದ ಮೇಲೆ ನೂಲು ಬೇಯಿಸಿದವನದಿರಬೇಕು. ಸುತ್ತಿ ಕಟ್ಟಿದ ನಮ್ಮ ನೂಲಿನ ಲಡಿಗಳನ್ನೆಲ್ಲ ಕುದಿಸಿ ಜಿಡ್ಡು ತೆಗೆದು, ಬೇಕಾದದ್ದಕ್ಕೆ ಬಣ್ಣ ಕೊಡುವವನು ಬಣ್ಣದಣ್ಣ. ಮೊನ್ನೆ ಸೋಮವಾರ ಬೆಳಿಗ್ಗೆ ಅವನ ಷೆಡ್ಡಿಗೆ ಹೋದೆ. ಮೊಣಕೈ ತನಕ ನೀಲಿ, ಉಗುರೆಲ್ಲ ಕಪ್ಪು, ಬಾಯಲ್ಲಿ ಯಾವಾಗಲೂ ಒಂದು ಕಡ್ಡಿ. ನಾನು ಬಾಗಿಲಲ್ಲೇ ಶುರು ಮಾಡಿದೆ: "ಒಂದು ಲಡಿ ಬೇಯಿಸ್ತೀಯ, ಒಂದು ಲಡಿ ಹಸೀನೇ ಕೊಡ್ತೀಯ. ನನ್ನ ಬಟ್ಟೆ ಎಲ್ಲಾ ಹಾಳಾಯ್ತು."

ಅವನು ಕಡ್ಡಿ ಉಗಿದ. "ಬಾ ಇಲ್ಲಿ. ಕೂತ್ಕೋ. ಬಾಯಿ ಮುಚ್ಕೊಂಡು ನೋಡು."

ನನಗಿಂತ ಐದು ವರ್ಷ ದೊಡ್ಡವನು, ಹಾಗೆ ಹೇಳುವ ಸಲಿಗೆ ಅವನಿಗಿದೆ. ಈ ವಾರ ಬಂದಿದ್ದ ಲಡಿಗಳಲ್ಲಿ ಎರಡನ್ನು ಎತ್ತಿಕೊಂಡ. ಎರಡೂ ಬೆಂದಿದ್ದವು. ಒಂದೇ ಹಂಡೆಯ ನೀಲಿಯಲ್ಲಿ ಒಟ್ಟಿಗೆ ಅದ್ದಿದ, ಒಟ್ಟಿಗೆ ಎತ್ತಿದ, ಒಂದೇ ಗಳುವಿಗೆ ನೇತುಹಾಕಿದ. ಗಾಳಿ ತಾಗಿ ಬಣ್ಣ ಕೂರುವಷ್ಟು ಹೊತ್ತು ನಾವಿಬ್ಬರೂ ಕಾದೆವು. ಒಂದು ಲಡಿ ಕಡುನೀಲಿಯಾಯಿತು, ಮಳೆಮೋಡದ ಹಾಗೆ. ಇನ್ನೊಂದು ತೆಳ್ಳಗೆ, ಒಗೆದೊಗೆದು ಮಾಸಿದ ಅಂಗಿಯ ಹಾಗೆ ಉಳಿಯಿತು.

"ಇದು ಬಣ್ಣ ಕುಡೀತು. ಇದು ಬರೀ ಬಾಯಿ ಮುಕ್ಕಳಿಸ್ತು" ಅಂದ. "ಯಾಕೆ ಅಂತ ನಿನಗೆ ನಾನು ಹೇಳಿಕೊಡಬೇಕಾ?"

ತೆಳು ಬಣ್ಣದ ಲಡಿಯಿಂದ ಒಂದೆಳೆ ಎಳೆದು ಬೆಳಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಉಸಿರು ತೆಗೆದುಕೊಂಡ ಜಾಗವಿಲ್ಲ, ಬೆರಳು ಬದಲಾದ ಗುರುತಿಲ್ಲ. ಹುರಿ ಬಿಚ್ಚಿದೆ, ಒಳಗಿನ ಎಳೆಗಳು ಬಾಚಿದ ಕೂದಲಿನ ಹಾಗೆ ಸಾಲಾಗಿ ಮಲಗಿದ್ದವು. ಗಿರಣಿ ನೂಲು. ಮೇಲೆ ಸ್ವಲ್ಪ ಹುರಿ ಹೆಚ್ಚಿಸಿ ಕೈನೂಲಿನ ವೇಷ ಹಾಕಿದ್ದಾರೆ, ಅದಕ್ಕೇ ಬಣ್ಣ ಒಳಗಿಳಿದಿಲ್ಲ. ತೊಳೆದರೆ ಕೈನೂಲು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗುತ್ತದೆ, ಇದು ಕುಗ್ಗುವುದಿಲ್ಲ. ಒಂದು ಎಳೆಯುತ್ತದೆ, ಇನ್ನೊಂದು ಬರುವುದಿಲ್ಲ ಎನ್ನುತ್ತದೆ. ನಡುವೆ ಬಟ್ಟೆ ಸುಕ್ಕಾಗುತ್ತದೆ.

ನಮ್ಮಲ್ಲಿ ಒಬ್ಬೊಬ್ಬರ ಲಡಿಗೂ ಒಂದೊಂದು ಬಣ್ಣದ ದಾರದ ಕಟ್ಟು ಇರುತ್ತದೆ, ಯಾರು ನೂತದ್ದು ಎಂದು ಗೊತ್ತಾಗಲಿ ಎಂದು. ಬಣ್ಣದಣ್ಣ ಅದ್ದುವ ಮೊದಲೇ ಆ ಕಟ್ಟನ್ನು ಬಿಚ್ಚಿ ತನ್ನ ಮಂಡಿಯ ಮೇಲೆ ಇಟ್ಟುಕೊಂಡಿದ್ದ. ಕೊಟ್ಟ. ಹಳದಿ.

ಹಳದಿ ಅತ್ತೆಯದು.

"ಯಾರೋ ಕಟ್ಟು ಬದಲಾಯಿಸಿದಾರೆ" ಅಂದೆ. ಅವನು ನೆಲ ನೋಡಿದ. ಆ ರಾಶಿಯಲ್ಲಿದ್ದ ಹಳದಿ ಕಟ್ಟಿನ ಲಡಿಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದೆ. ಒಟ್ಟು ಏಳು. ಏಳೂ ಅದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಬಾಳು.

ಮನೆಗೆ ಬರುವ ಹೊತ್ತಿಗೆ ಹನ್ನೊಂದು ಗಂಟೆ. ಸೋಮವಾರ, ಹೆಂಗಸರೆಲ್ಲ ನೂಲು ಒಪ್ಪಿಸಿ ಹಂಜಿ ತೆಗೆದುಕೊಂಡು ಹೋಗಲು ಬಂದು ಸಾಲಾಗಿ ಕೂತಿದ್ದರು. ಅತ್ತೆ ಹೊಸ್ತಿಲಲ್ಲಿ ರಾಟೆ ತಿರುಗಿಸುತ್ತಿದ್ದರು. ನಾನು ಅವರೆಲ್ಲ ಹೋಗುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ನಿಂತೇ ಕೇಳಿದೆ, "ಅತ್ತೆ, ನಾನು ಕೊಟ್ಟ ಹಂಜಿ ಎಲ್ಲಿ?"

ರಾಟೆ ನಿಂತಿತು. "ಯಾವ ಹಂಜಿ?"

"ಮೂರು ತಿಂಗಳಿಂದ ವಾರಾ ವಾರಾ ಕೊಟ್ಟಿದ್ದು."

ಅವರು ಸೆರಗಿನಿಂದ ರಾಟೆಯ ಚಕ್ರ ಒರೆಸತೊಡಗಿದರು. ನಾನು ದಾಟಿಕೊಂಡು ಒಳಗೆ ಹೋದೆ. ಹಾಸಿಗೆಯ ಮೇಲೆ ಎರಡು ದಿಂಬು ಇರುತ್ತಿದ್ದವು, ಈಗ ಐದಿದ್ದವು. ಒಂದರ ಹೊಲಿಗೆ ಬಿಚ್ಚಿದೆ. ಒಳಗೆ ಹಂಜಿ, ಒಂದರ ಪಕ್ಕ ಒಂದು, ನಾನು ಜೋಡಿಸಿ ಕೊಟ್ಟ ಹಾಗೇ ಮುರಿಯದೆ ಜೋಡಿಸಿದ್ದರು. ಮಂಚದ ಕೆಳಗೆ ಗಿರಣಿ ನೂಲಿನ ಎರಡು ಉಂಡೆ. ಹೊರಗೆ ತಂದು ಎಲ್ಲರ ಮುಂದೆ ನೆಲಕ್ಕೆ ಹಾಕಿದೆ.

"ಮಾಡಿದ ಕೆಲಸಕ್ಕೆ ಇದಾ ಬೆಲೆ?" ಅಂದೆ. "ನಿಮ್ಮಿಂದ ನಾನು ನಿಧಾನಪ್ಪನ್ನ ಕಳಕೊಂಡೆ. ಅಂಗಡಿಯವಳ ಕೈಲಿ ಉಗಿಸಿಕೊಂಡೆ. ಆಗಲ್ಲ ಅಂದ್ರೆ ಆಗಲ್ಲ ಅನ್ನಬೇಕಿತ್ತು. ಮೋಸ ಯಾಕೆ ಮಾಡಿದ್ರಿ?"

ಮೋಸ ಎಂಬ ಮಾತು ಬಾಯಿಂದ ಬಿತ್ತು. ಹೆಂಗಸರಲ್ಲಿ ಒಬ್ಬಳು ಎದ್ದು ಹೊರಗೆ ಹೋದಳು. ಅತ್ತೆ ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಹೆಬ್ಬೆರಳನ್ನೂ ತೋರುಬೆರಳನ್ನೂ ನನ್ನ ಕಡೆ ಚಾಚಿ, "ಇದರ ಮಧ್ಯೆ ಏನಿದೆ ಅಂತ ನನಗೆ ಗೊತ್ತಾಗಲ್ಲ ಕಣೇ. ಇದೆಯೋ ಇಲ್ವೋ ಅಂತಾನೂ ಗೊತ್ತಾಗಲ್ಲ. ಕಡ್ಡಿಗೆ ಬಟ್ಟೆ ಸುತ್ತಿದ ಹಾಗಿದೆ" ಅಂದರು. ಅಷ್ಟೇ. ಎದ್ದರು, ನೂಲು ಸುತ್ತುವ ಕದಿರು ಕಳಚಿದರು, ರಾಟೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿ ಚಿಲಕ ಸಿಕ್ಕಿಸಿದರು. ಆ ಚಿಲಕ ಸಿಕ್ಕಿಸುವುದಕ್ಕೂ ಅವರಿಗೆ ನಾಲ್ಕು ಸಲ ಬೇಕಾಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ನೀನು ಈಗ "ಅಯ್ಯೋ ಪಾಪ" ಎನ್ನುತ್ತೀಯ. ಅನ್ನು. ಆದರೆ ನನ್ನ ಸ್ಥಿತಿಯನ್ನೂ ಯೋಚಿಸು. ನಾನು ಮಾರುವುದು ಬಟ್ಟೆಯನ್ನಲ್ಲ ಕಣೇ, "ಇದು ಕೈಯಲ್ಲಿ ನೂತದ್ದು" ಎಂಬ ಒಂದು ಮಾತನ್ನು. ಬಟ್ಟೆ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಮಾತೇ ಸುಳ್ಳಾದರೆ ಈ ನಾಲ್ಕು ಮಗ್ಗವನ್ನು ಸೌದೆಗೆ ಹಾಕಬಹುದು. ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿಲ್ಲ.

ನಿನ್ನ ಅಕ್ಕ


ಏಪ್ರಿಲ್ ೬, ಭಾನುವಾರ

ಪ್ರೀತಿಯ ತಂಗಿಗೆ,

ಕಾಲಿನ ಪಟ್ಟಿ ಬಿಚ್ಚಿದ ಸುದ್ದಿ ಓದಿ ಸಂತೋಷವಾಯಿತು. ಕಾಲು ಸಣಕಲಾಗಿದೆ, ಬೇರೆಯವರ ಕಾಲಿನ ಹಾಗಿದೆ ಎಂದು ಬರೆದಿದ್ದೀಯ. ನಡೆದರೆ ಮತ್ತೆ ನಿನ್ನದಾಗುತ್ತದೆ. ಈ ಸಲ ತಡಮಾಡಿದ್ದಕ್ಕೆ ಕೆಲಸ ಕಾರಣವಲ್ಲ. ಬರೆಯಲು ಕೂತಾಗೆಲ್ಲ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ.

ಮೊದಲು ನಿಧಾನಪ್ಪನ ಮನೆಗೆ ಹೋದೆ. ಅವನು ಕುರ್ಚಿಗಳಿಗೆ ಪಟ್ಟಿ ಹೆಣೆಯುವ ಕೆಲಸ ಹಿಡಿದಿದ್ದಾನೆ. ಅಂಗಳದಲ್ಲಿ ಕೂತು ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಗಿಯುತ್ತಿದ್ದ. ಅಂಥ ಕೈ, ಅಂಥ ಕೆಲಸ! ಅವನ ಹೆಂಡತಿ ಕೂರಲು ಅದೇ ಕುರ್ಚಿಗಳಲ್ಲೊಂದನ್ನು ಕೊಟ್ಟಳು, ಆದರೆ ನನ್ನ ಮುಖ ನೋಡಲಿಲ್ಲ.

"ತಪ್ಪಾಯ್ತಪ್ಪ" ಅಂದೆ. "ನಿನ್ನ ಕೈ ಸರಿಯಾಗೇ ಇತ್ತು. ನೂಲು ಗಿರಣಿಯದು."

"ಹೂಂ" ಅಂದ.

"ಏನು ಹೂಂ? ನಿನಗೆ ಗೊತ್ತಿತ್ತಾ?"

ಅವನು ಒಂದು ಪಟ್ಟಿ ಪೂರ್ತಿ ಎಳೆದು ಗಂಟು ಹಾಕಿದ. "ಎರಡನೇ ಹೊದಿಕೇಲೇ ಗೊತ್ತಾಯ್ತು ಅಕ್ಕಾ. ಲಾಳಿ ಓಡೋ ಸದ್ದೇ ಬೇರೆ ಇತ್ತು."

"ಮತ್ತೆ ಹೇಳೋದಲ್ವಾ? ಎಲ್ಲರ ಮುಂದೆ ನನ್ನ ಹತ್ತಿರ ಬೈಸಿಕೊಂಡು ಬಂದ್ಯಲ್ಲ!"

"ಲಡಿ ಯಾರದು ಅಂತಾನೂ ಗೊತ್ತಾಗಿತ್ತಲ್ಲ" ಅಂದ. "ಅಜ್ಜಿ ಅಲ್ಲೇ ಕೂತಿದ್ರು. ಹೇಗೆ ಹೇಳೋದು?"

ತಂಗೀ, ಆ ಮನುಷ್ಯ ಇಪ್ಪತ್ತೆರಡು ವರ್ಷದ ಅನ್ನ ಬಿಟ್ಟು ಎದ್ದು ಹೋದದ್ದು ಅದಕ್ಕೆ. ಒಬ್ಬ ಮುದುಕಿಯ ಮುಖ ಉಳಿಯಲಿ ಎಂದು. ನಾನು ಆ ಮುಖವನ್ನು ಎರಡು ವಾರ ಕಳೆಯುವಷ್ಟರಲ್ಲಿ ಬೀದಿಗೆ ಹಾಕಿದೆ. "ವಾಪಸು ಬಾ" ಅಂದರೆ, "ನೋಡೋಣ, ಒಪ್ಪಿಕೊಂಡ ಕುರ್ಚಿ ಹದಿನೆಂಟಿದೆ" ಅಂದ. ಅವನ ವೇಗದಲ್ಲಿ ಹದಿನೆಂಟು ಕುರ್ಚಿ ಎಂದರೆ ಎಷ್ಟು ಕಾಲವೋ ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ.

ಆಮೇಲೆ ಅಂಗಡಿಯವಳು. ಸತ್ಯ ಹೇಳಿಬಿಡುವುದೆಂದು ನಿರ್ಧರಿಸಿ ಫೋನು ಮಾಡಿದೆ. ಯಾರು ಸೇರಿಸಿದ್ದು ಎಂದು ಹೇಳಲಿಲ್ಲ, "ನಮ್ಮ ನೂಲಿನಲ್ಲಿ ಗಿರಣಿಯದು ಸೇರಿಹೋಗಿತ್ತು, ನಮ್ಮದೇ ತಪ್ಪು, ಹನ್ನೆರಡನ್ನೂ ಹೊಸದಾಗಿ ನೇಯ್ದುಕೊಡ್ತೀವಿ, ಎರಡು ತಿಂಗಳು ಟೈಮ್ ಕೊಡಿ" ಅಂದೆ. ಬೈಗುಳಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡೆ. ಅವಳು ಹೇಳಿದ್ದು ಬೇರೆಯೇ.

"ಹಾಗಾದ್ರೆ ಒಂದು ಕೆಲಸ ಮಾಡಿ ಮೇಡಂ. ಪೂರ್ತಿ ಗಿರಣಿ ನೂಲಲ್ಲೇ ಮಾಡ್ಬಿಡಿ. ಸುಕ್ಕೂ ಬರಲ್ಲ, ಬೇಗಾನೂ ಆಗುತ್ತೆ."

"ಚೀಟಿ ಮೇಲೆ ಕೈನೂಲು ಅಂತ ಇದೆಯಲ್ಲ?"

"ಅದು ಹಾಗೇ ಇರಲಿ. ಚೀಟಿ ಅಚ್ಚಾಗಿ ಹೋಗಿದೆ. ಯಾರು ಎಳೆ ಬಿಚ್ಚಿ ನೋಡ್ತಾರೆ?"

ಕೇಳಿದೆಯಾ? ಮೂರು ತಿಂಗಳಿಂದ ಈ ಮನೆಯಲ್ಲಿ ಒಂದು ಸುಳ್ಳಿಗೆ ಎಷ್ಟು ಜನ ಬೆಂದರು. ಅದೇ ಸುಳ್ಳನ್ನು ಅವಳು ಸಲಹೆಯ ಹಾಗೆ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಎನ್ನುವಷ್ಟು ಸಲೀಸಾಗಿ ಹೇಳಿದಳು. ಆಗಲ್ಲ ಅಂದೆ. "ಯೋಚನೆ ಮಾಡಿ" ಅಂದಳು. ಯೋಚನೆ ಮಾಡಿಯೇ ಹೇಳಿದ್ದು ಅಂದೆ. ಮೂವತ್ತೆರಡೂ ಕೈಬಿಟ್ಟುಹೋಯಿತು. ಫೋನು ಇಟ್ಟ ಮೇಲೆ ನನಗೆ ಹೆಮ್ಮೆಯಾಗಬೇಕಿತ್ತು, ಅಲ್ಲವಾ? ಆಗಲಿಲ್ಲ. ರೇಗಿತು. ಸತ್ಯ ಹೇಳಿದರೂ ನಷ್ಟ, ಸುಳ್ಳು ಹೇಳಿದರೂ ನಷ್ಟ ಎಂದರೆ ಮನುಷ್ಯರು ಏನು ಮಾಡಬೇಕು? ನಿನ್ನ ಭಾವ ಎಣ್ಣೆಡಬ್ಬಿ ಕೈಯಲ್ಲಿ ಹಿಡಿದು ಬಂದು, "ಒಳ್ಳೇದು ಮಾಡ್ದೆ" ಅಂದರು. ಆ ಒಂದು ಮಾತಿಗೆ ಉಪ್ಪು ಸವರಲಿಲ್ಲ.

ಸುಕ್ಕಾದ ಹದಿಮೂರನ್ನೂ "ಕೈನೂಲು, ಗಿರಣಿ ನೂಲು ಎರಡೂ ಇದೆ, ಸುಕ್ಕು ಬರುತ್ತದೆ" ಎಂದು ಚೀಟಿ ಬರೆದು ಬೀದಿಯ ಕಡೆಯ ಕಿಟಕಿಯಲ್ಲಿ ಇಟ್ಟಿದ್ದೇವೆ. ಎದುರಿನ ಸೈಕಲ್ ರಿಪೇರಿಯವನು ಒಂದು ಕೊಂಡ. ಚೆನ್ನಾಗಿ ಬೆಚ್ಚಗಿದೆಯಂತೆ. ಇನ್ನೊಂದು ತನ್ನ ತಾಯಿಗೆ ಬೇಕಂತೆ.

ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸೂಜಿಯ ಮೊನೆ ಮುಟ್ಟಿಸಿ, "ಗೊತ್ತಾಗುತ್ತಾ?" ಎಂದು ಕೇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡು "ಹೂಂ, ಹೂಂ" ಎನ್ನುತ್ತಿದ್ದರು, ಡಾಕ್ಟರು ಮುಟ್ಟಿಸದೆ ಇದ್ದಾಗಲೂ. ನನಗೆ ಆ ಕಡೆ ಮುಖ ತಿರುಗಿಸಬೇಕಾಯಿತು. ನರ ಸೋತಿದೆಯಂತೆ. ಮಾತ್ರೆ ಕೊಟ್ಟಿದ್ದಾರೆ, ನೋವಿಗೆ. ಸ್ಪರ್ಶ ವಾಪಸು ಬರುವ ಭರವಸೆ ಇಲ್ಲ ಎಂದರು.

ಮನೆಗೆ ಬಂದ ಮೇಲೆ, "ಹೊಸ ಹಂಜಿ ಬಂದಿದೆ, ಹೊಟ್ಟು ಆರಿಸೋದಕ್ಕೆ ನೀವು ಪಕ್ಕದಲ್ಲಿ ಕೂತಿದ್ರೆ ಸಾಕು" ಅಂದೆ. "ಬೇಡ ಬಿಡಮ್ಮ, ಕಣ್ಣು ಕೂಡ ಸುಳ್ಳು ಹೇಳಿಬಿಟ್ಟೀತು" ಅಂದರು. ಅಮ್ಮ ಎಂದು ಸೇರಿಸಿದರಲ್ಲ, ಅದು ಪ್ರೀತಿಯ ಅಮ್ಮ ಅಲ್ಲ, ನಿನಗೆ ಗೊತ್ತು. ಊಟಕ್ಕೆ ಬರುತ್ತಾರೆ, ಉಂಡು ಹೋಗುತ್ತಾರೆ. ಹೊಸ್ತಿಲಲ್ಲಿ ಕೂರುವುದಿಲ್ಲ. ಹೆಂಗಸರು ಸೋಮವಾರ ಬಂದಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಎರಡು ಸಲ ಕ್ಷಮೆ ಕೇಳಿದೆ. ಎರಡು ಸಲವೂ "ನೀನು ಹೇಳಿದ್ದರಲ್ಲಿ ಸುಳ್ಳೇನಿದೆ?" ಅಂದರು.

ಹಾಂ, ಗುರುವಾರ ನಿಧಾನಪ್ಪ ಬಂದ. ಹದಿನೆಂಟು ಕುರ್ಚಿ ಮುಗಿದಿರಲಿಲ್ಲ, ಅವನ ಹೆಂಡತಿ ಮುಗಿಸುತ್ತಾಳಂತೆ. ನನ್ನ ಜೊತೆ ಮಾತಾಡದೆ ನೇರ ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ, "ಅಜ್ಜೀ, ಒಂದು ಲೋಟ ನೀರು" ಎಂದು ಕೂಗಿದ. ಬಾಗಿಲು ತೆರೆಯಲಿಲ್ಲ. ಅವನಿಗೇನು, ಕಾಯುವುದು ಅಭ್ಯಾಸ, ನಿಂತೇ ಇದ್ದ. ಕೊನೆಗೆ ಬಾಗಿಲು ತೆರೆಯಿತು. ಅತ್ತೆ ಎರಡು ಕೈಯಲ್ಲೂ ಲೋಟ ಹಿಡಿದುಕೊಂಡು ಬಂದರು. ಅವನು ಕುಡಿದು, ಬಾಯಿ ಒರೆಸಿಕೊಂಡು, ಮಗ್ಗಕ್ಕೆ ಹೋಗಿ ಕೂತ. ನಾನು ಹಂಜಿಯ ರಾಶಿಯ ಮುಂದೆ ಕೂತು ಹೊಟ್ಟು ಆರಿಸುತ್ತಿದ್ದೆ, ಇಬ್ಬರಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸಣ್ಣ ಸಣ್ಣ ಕೆಲಸ ಎರಡು ಮೂರು ಬಂದಿವೆ. ಎರಡು ಮಗ್ಗ ನಡೆಯುತ್ತದೆ, ಎರಡಕ್ಕೆ ಬಟ್ಟೆ ಹೊದಿಸಿದ್ದೇನೆ. ಮುಚ್ಚುತ್ತೇನೆ ಎಂದು ದಿನಕ್ಕೊಂದು ಸಲ ಹೇಳುತ್ತೇನೆ, ಮುಚ್ಚುವುದಿಲ್ಲ. ನನಗೆ ಬೇರೆ ಏನು ಬರುತ್ತದೆ?

ನಿನ್ನ ಕಾಲು ಗಟ್ಟಿಯಾಗಲಿ. ಶಾಲೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಮಕ್ಕಳು ಓದಿ ನಿನಗಿಂತ ಜಾಣರಾಗಲಿ, ನನಗಿಂತ ತಾಳ್ಮೆಯವರಾಗಲಿ. ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಡಾಕ್ಟರ ಮನೆಯಿಂದ ಬರುವಾಗ ದಾರಿಯಲ್ಲಿ ಅತ್ತೆಯನ್ನು ಕೇಳಿದೆ, "ಮೊದಲ ವಾರಾನೇ ನನಗೆ ಹೇಳಬಹುದಿತ್ತಲ್ಲ?" ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. "ಹೇಳಬೇಕು ಅಂತಾನೇ ಇದ್ದೆ" ಅಂದರು. ಡಿಸೆಂಬರಿನಲ್ಲಿ ಒಂದು ವಾರ ಎಷ್ಟು ಎಳೆದರೂ ನೂಲು ನಿಲ್ಲಲಿಲ್ಲವಂತೆ. ಬರಿಗೈಯಲ್ಲಿ ಕೂರುವುದು ಹೇಗೆಂದು ಒಂದೇ ಒಂದು ಉಂಡೆ ಗಿರಣಿ ನೂಲು ತಂದು ಲಡಿ ಮಾಡಿದರಂತೆ, ಸೋಮವಾರ ನನ್ನ ಕೈಗೆ ಕೊಟ್ಟು ವಿಷಯ ಹೇಳಿಬಿಡೋಣ ಎಂದು. ಆ ಸೋಮವಾರ ನಾನು ಲಡಿಯನ್ನು ಎತ್ತಿ ಎಲ್ಲರಿಗೂ ತೋರಿಸಿದೆನಂತೆ. "ನೋಡ್ರೇ, ನೂಲು ಅಂದ್ರೆ ಇದು. ನಮ್ಮತ್ತೆ ಕೈ ಮುಂದೆ ಯಾರ ಕೈಯೂ ಇಲ್ಲ" ಅಂದೆನಂತೆ. ಅಂದದ್ದು ನನಗೂ ನೆನಪಿದೆ. "ಮೂವತ್ತೊಂದು ವರ್ಷದಲ್ಲಿ ನೀನು ಹಾಗೆ ಹೇಳಿದ್ದು ಅದೇ ಮೊದಲು ಕಣೇ" ಅಂದರು ಅತ್ತೆ. "ಆಮೇಲೆ ಹೇಗೆ ಹೇಳ್ಲಿ?" ಅವರ ನಿಜವಾದ ನೂಲನ್ನು ಈ ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ನಾನು ಹೊಗಳಿರಲೇಬೇಕು, ಅಲ್ಲವಾ? ಅಂದಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಒಂದೂ ಸಿಗುತ್ತಿಲ್ಲ. ನೀನು ನಮ್ಮ ಮನೆಗೆ ಎಷ್ಟೋ ಸಲ ಬಂದು ಇದ್ದು ಹೋಗಿದ್ದೀಯ. ಯಾವಾಗಲಾದರೂ ನಿನ್ನ ಕಿವಿಗೆ ಬಿದ್ದಿದ್ದರೆ, ಯಾವ ವರ್ಷ, ಏನಂದೆ ಎಂದು ಬರೆ. ತಡಮಾಡಬೇಡ.